ಮನೆಯೊಳಗಿನ ಸಸಿ ಸೊರಗಿದರೆ



ನುಗ್ಗೆ ಬೀಜ ಹಾಕಿದ್ದೀರಿ. ಹಾಲಿನ ಪಾಕೀಟಿನಲ್ಲಿ ಮಣ್ಣು ತುಂಬಿ ಹಾಕಿದ್ದೀರಿ. ಎಂಟು ಹತ್ತು ದಿನಕ್ಕೆ ಮೊಳಕೆ ಬಂತು. ಮನೆ ಮಂದಿಯೆಲ್ಲ ನೋಡಿ ಖುಷಿಪಟ್ಟರು. ಆಮೇಲೆ ಏನಾಯಿತು? ಸಸಿ ಉದ್ದುದ್ದ ಬೆಳೆಯಿತು. ದಾರದ ಹಾಗೆ ಸಣ್ಣಗಾಯಿತು. ಎಲೆ ಬಿಳಚಿಕೊಂಡಿತು. ಒಂದು ದಿನ ಬೆಳಿಗ್ಗೆ ನೋಡಿದರೆ ಒರಗಿ ಬಿದ್ದಿತ್ತು.

"ನನ್ನ ಕೈಗುಣನೇ ಹಿಂಗ" ಎಂದು ಸುಮ್ಮನೆ ಕೂಡಬೇಡಿ. ಇದು ಕೈಗುಣದ ಮಾತಲ್ಲ. ಸಸಿ ಸೊರಗಲು ಕಾರಣ ಇರುತ್ತದೆ. ಕಾರಣ ತಿಳಿದರೆ ಬಹಳಷ್ಟು ಸಸಿ ಉಳಿಸಬಹುದು. ಕೆಲವು ಉಳಿಯುವುದಿಲ್ಲ. ಯಾವುದು ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ, ಎರಡನ್ನೂ ನೋಡೋಣ.

ನಾವು ಸಸಿಯನ್ನು ಮನೆಯೊಳಗೆ ಯಾಕೆ ಇಡುತ್ತೇವೆ? ಜೇವರ್ಗಿ ತಾಲ್ಲೂಕಿನ ಅಂದೋಲಾ ಕಡೆ ಯಾವ ಹೆಣ್ಣುಮಗಳನ್ನು ಕೇಳಿದರೂ ಉತ್ತರ ಒಂದೇ. ಅಂಗಳದಲ್ಲಿ ಇಟ್ಟರೆ ಆಡು ಬಿಡುವುದಿಲ್ಲ. ಕೋಳಿ ಕೆದರುತ್ತದೆ. ಬೇಸಿಗೆಯಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಥ ಬಿಸಿಲಿಗೆ ಎಳೆ ಸಸಿ ಸುಟ್ಟುಹೋಗುತ್ತದೆ. ಅದಕ್ಕೇ ಪಡಸಾಲೆಯ ಮೂಲೆಗೋ, ನೀರಿನ ಕೊಡದ ಮಗ್ಗುಲಿಗೋ ಇಡುತ್ತೇವೆ. ಇಡುವುದು ತಪ್ಪಲ್ಲ. ಇಟ್ಟ ಜಾಗದಲ್ಲಿ ಸಸಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ನೋಡಬೇಕು.

ಬೀಜದೊಳಗಿನ ಬುತ್ತಿ

ಹೊಲಕ್ಕೆ ಹೋಗುವಾಗ ನಾವು ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ. ಬೀಜದೊಳಗೂ ಒಂದು ಬುತ್ತಿ ಇದೆ. ಮೊಳಕೆ ಮೊದಲು ಆ ಬುತ್ತಿಯನ್ನೇ ಉಣ್ಣುತ್ತದೆ. ಬುತ್ತಿ ತೀರುವುದರೊಳಗೆ ಅದು ಬೆಳಕಿಗೆ ಬರಬೇಕು. ಬೆಳಕಿದ್ದರೆ ಎಲೆ ತಾನೇ ಅಡುಗೆ ಮಾಡಿಕೊಳ್ಳುತ್ತದೆ. ಎಲೆಯ ಅಡುಗೆಗೆ ಬೆಂಕಿ ಬೇಡ, ಬೆಳಕು ಬೇಕು.

ಕತ್ತಲ ಮೂಲೆಯಲ್ಲಿ ಇಟ್ಟ ಸಸಿ ಬೆಳಕು ಹುಡುಕುತ್ತದೆ. ಬಾಗಿಲ ಕಡೆಗೋ, ಬೆಳಕಿಂಡಿಯ ಕಡೆಗೋ ಬಾಗುತ್ತದೆ. ಇದ್ದ ಶಕ್ತಿಯನ್ನೆಲ್ಲ ಉದ್ದ ಆಗುವುದಕ್ಕೇ ಹಾಕುತ್ತದೆ. ಕಾಂಡ ದಪ್ಪ ಆಗುವುದಿಲ್ಲ. ನೋಡಿದವರು "ಸಸಿ ಎಷ್ಟು ಚಂದ ಬೆಳದಾದ" ಅನ್ನುತ್ತಾರೆ. ಅದು ಬೆಳೆದದ್ದಲ್ಲ, ಹಸಿದದ್ದು.

ಉದ್ದ ಆದ ಸಸಿಯನ್ನು ಮತ್ತೆ ಗಿಡ್ಡ ಮಾಡಲು ಬರುವುದಿಲ್ಲ. ಆದರೆ ಗಟ್ಟಿ ಮಾಡಲು ಬರುತ್ತದೆ. ಒಂದು ತೊಗರಿ ಕಟ್ಟಿಗೆ ತೆಗೆದುಕೊಳ್ಳಿ. ಸಸಿಯ ಮಗ್ಗುಲಲ್ಲಿ ಮೆಲ್ಲಗೆ ಚುಚ್ಚಿ. ಹಳೆ ಸೀರೆಯ ಅಂಚಿನ ಚೂರಿನಿಂದ ಸಡಿಲಾಗಿ ಕಟ್ಟಿ. ಬಿಗಿದು ಕಟ್ಟಿದರೆ ಕಾಂಡ ಕೊಯ್ದುಹೋಗುತ್ತದೆ. ಬುಡಕ್ಕೆ ಒಂದು ಬೆರಳಿನಷ್ಟು ಸಡಿಲ ಮಣ್ಣು ಏರಿಸಿ.

ಆಮೇಲೆ ಬಿಸಿಲು ತೋರಿಸಿ. ಒಂದೇ ದಿನ ಇಡೀ ಹೊತ್ತು ತೋರಿಸಬೇಡಿ. ಬಾಣಂತಿ ಕೋಣೆಯಿಂದ ಕೂಸನ್ನು ಒಮ್ಮೆಲೆ ಬಿಸಿಲಿಗೆ ತರುತ್ತೇವೆಯೇ? ಸಸಿಗೂ ಹಾಗೆಯೇ. ಮೊದಲ ದಿನ ಮುಂಜಾನೆಯ ಎಳೆ ಬಿಸಿಲು ಒಂದು ತಾಸು ಸಾಕು. ಮರುದಿನ ಒಂದೂವರೆ ತಾಸು. ಹೀಗೆ ಎಂಟು ಹತ್ತು ದಿನ ಏರಿಸುತ್ತ ಹೋಗಿ. ನಡು ಮಧ್ಯಾಹ್ನದ ಬಿಸಿಲು ಮಾತ್ರ ಬೇಡ. ಎಲೆಯ ಮೇಲೆ ಬಿಳಿ ಕಲೆ ಬಂದರೆ ಬಿಸಿಲು ಹೆಚ್ಚಾಯಿತು ಎಂದು ತಿಳಿಯಿರಿ. ಎರಡು ದಿನ ನೆರಳಿಗೆ ತನ್ನಿ. ಮತ್ತೆ ಶುರು ಮಾಡಿ.

ಗಾಳಿಯೂ ಬೇಕು. ಗಾಳಿಗೆ ಅಲುಗಾಡಿದರೆ ಕಾಂಡ ಗಟ್ಟಿಯಾಗುತ್ತದೆ. ಒಳಗೇ ಇಡುವುದಾದರೆ ಪಾಕೀಟನ್ನು ದಿನಕ್ಕೊಮ್ಮೆ ಅರ್ಧ ಸುತ್ತು ತಿರುಗಿಸಿ. ಆಗ ಸಸಿ ಒಂದೇ ಕಡೆ ಬಾಗುವುದಿಲ್ಲ. ಆಡು ಕೋಳಿ ಬರದ ಹಾಗೆ ಮೇಲೆ ಬುಟ್ಟಿ ಮುಚ್ಚುವವರು ಇದ್ದಾರೆ. ಮುಚ್ಚಿ, ಆದರೆ ಸಂದಿ ಸಂದಿ ಇರುವ ಬುಟ್ಟಿ ಇರಲಿ. ಸೆಗಣಿ ಬಳಿದ ಬುಟ್ಟಿ ಮುಚ್ಚಿದರೆ ಮತ್ತೆ ಕತ್ತಲೆಯೇ.

ನೀರು ಹೆಚ್ಚಾಯಿತೋ, ಕಡಿಮೆಯಾಯಿತೋ?

ಬಿಸಿಲಿಲ್ಲದೆ ಸತ್ತ ಸಸಿಗಿಂತ ನೀರು ಹೆಚ್ಚಾಗಿ ಸತ್ತ ಸಸಿಯೇ ಬಹಳ. ಪ್ರೀತಿ ಹೆಚ್ಚಾದರೆ ನೀರೂ ಹೆಚ್ಚಾಗುತ್ತದೆ. ಈ ಮಾತು ಕೇಳಿ:

"ಯಕ್ಕಾ, ದಿನಾ ಎರಡು ಸಲ ನೀರು ಹಾಕ್ತೀನಿ. ಆದ್ರೂ ಎಲಿ ಬಾಡ್ಯಾವ."

"ಮಣ್ಣು ಮುಟ್ಟಿ ನೋಡಿದಿ ಏನವ್ವಾ?"

"ಹಸಿನೇ ಅದ."

"ಹಂಗಾರ ಅದಕ್ಕ ನೀರಡಿಕಿ ಆಗಿಲ್ಲ. ಉಸಿರು ಕಟ್ಟ್ಯಾದ."

ಬೇರಿಗೂ ಉಸಿರಾಡಲು ಗಾಳಿ ಬೇಕು. ಮಣ್ಣಿನ ಕಣಗಳ ನಡುವೆ ಸಣ್ಣ ಸಣ್ಣ ಸಂದಿ ಇರುತ್ತವೆ. ಗಾಳಿ ಇರುವುದು ಅಲ್ಲಿ. ನೀರು ಹೆಚ್ಚಾದರೆ ಆ ಸಂದಿಯೆಲ್ಲ ನೀರಿನಿಂದ ತುಂಬುತ್ತದೆ. ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರುವುದಿಲ್ಲ. ಅದಕ್ಕೇ ನೀರಿನಲ್ಲಿ ನಿಂತ ಸಸಿಯೂ ಬಾಡುತ್ತದೆ. ಬಾಡಿತೆಂದು ನಾವು ಮತ್ತೆ ನೀರು ಹಾಕುತ್ತೇವೆ.

ಆದ್ದರಿಂದ ಎಲೆ ನೋಡಿ ನೀರು ಹಾಕಬೇಡಿ. ಬೆರಳು ಚುಚ್ಚಿ ನೋಡಿ. ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಮಣ್ಣು ಒಣಗಿದ್ದರೆ ಅರ್ಧ ಲೋಟ ನೀರು ಹಾಕಿ. ಮಣ್ಣು ಬೆರಳಿಗೆ ಅಂಟಿದರೆ ಆ ದಿನ ನೀರು ಬೇಡ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ನಡೆಯುತ್ತದೆ. ಬಟ್ಟೆ ಒಗೆದ ಸೋಪಿನ ನೀರು ಬೇಡ. ಬೋರಿನ ನೀರು ಹಾಕಿ ಹಾಕಿ ಮಣ್ಣಿನ ಮೇಲೆ ಬಿಳಿ ಪದರು ಕಟ್ಟಿದ್ದರೆ ಅದು ಉಪ್ಪು. ಮೇಲಿನ ಪದರು ತೆಗೆದು ಹೊಸ ಮಣ್ಣು ಹಾಕಿ.

ನಮ್ಮ ಕಡೆಯ ಎರೆ ಮಣ್ಣಿನ ಗುಣ ನಿಮಗೆ ನಾವು ಹೇಳಬೇಕಾಗಿಲ್ಲ. ತೊಗರಿಗೆ, ಬಿಳಿ ಜೋಳಕ್ಕೆ ಅದು ಬಂಗಾರ. ಆದರೆ ಪಾಕೀಟಿಗೆ ಬರೀ ಎರೆ ಮಣ್ಣು ಹಾಕಿದರೆ ಹಸಿಯಾದಾಗ ಮೇಣದ ಹಾಗೆ ಅಂಟುತ್ತದೆ. ಒಣಗಿದಾಗ ಬಿರಿಯುತ್ತದೆ. ಬಿರಿದಾಗ ಎಳೆ ಬೇರು ಹರಿಯುತ್ತದೆ. ಒಂದು ಪಾಲು ಎರೆ ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಳಿತ ತಿಪ್ಪೆ ಗೊಬ್ಬರ ಕೂಡಿಸಿ. ಮಣ್ಣು ಬಹಳ ಜಿಗುಟಾಗಿದ್ದರೆ ಮರಳು ಎರಡು ಪಾಲು ಇರಲಿ. ಜರಡಿ ಹಿಡಿದು ತುಂಬಿ. ಪಾಕೀಟಿನ ಬುಡಕ್ಕೆ ದಬ್ಬಣದಿಂದ ಐದಾರು ತೂತು ಹಾಕಿ. ತೂತಿಲ್ಲದ ಡಬ್ಬಿಯಲ್ಲಿ ಸಸಿ ಬೆಳೆಸುವುದು ಬಾವಿಯಲ್ಲಿ ಬೆಳೆಸಿದ ಹಾಗೆ.

ಗೊಬ್ಬರ ಕಳಿತಿದೆ ಎಂದು ಹೇಗೆ ತಿಳಿಯುವುದು? ಮೂಸಿ ನೋಡಿ. ಮಣ್ಣಿನ ವಾಸನೆ ಬರಬೇಕು. ಸೆಗಣಿ ವಾಸನೆ ಬಂದರೆ ಇನ್ನೂ ಕಳಿತಿಲ್ಲ. ಅದರ ಕಾವಿಗೆ ಬೇರು ಸುಡುತ್ತದೆ. ಸಸಿ ಸೊರಗಿದೆ ಎಂದು ಯೂರಿಯಾ ಹಾಕುವವರೂ ಇದ್ದಾರೆ. ಬೇಡವೇ ಬೇಡ. ಜ್ವರ ಬಂದ ಕೂಸಿಗೆ ಹೋಳಿಗೆ ತಿನ್ನಿಸಿದ ಹಾಗಾಗುತ್ತದೆ.

ಬುಡ ಕೊಳೆತು ಬಿದ್ದರೆ

ಮಣ್ಣು ಮುಟ್ಟುವ ಜಾಗದಲ್ಲಿ ಕಾಂಡ ಕಂದು ಬಣ್ಣ ಆಗಿದೆಯೇ? ಅಲ್ಲೇ ಸಣ್ಣಗಾಗಿ ಸಸಿ ಮುರಿದು ಬಿದ್ದಿದೆಯೇ? ಇದು ಬುಡ ಕೊಳೆ ರೋಗ. ಮಣ್ಣಿನಲ್ಲಿರುವ ಬೂಷ್ಟಿನಿಂದ ಬರುತ್ತದೆ. ಹಸಿ ಹೆಚ್ಚಾಗಿ, ಗಾಳಿ ಬೆಳಕು ಇಲ್ಲದ ಕಡೆ ಬೇಗ ಹಬ್ಬುತ್ತದೆ. ಬಿದ್ದ ಸಸಿ ಮತ್ತೆ ಏಳುವುದಿಲ್ಲ. ಅದನ್ನು ಮಣ್ಣಿನ ಸಮೇತ ತೆಗೆದು ದೂರ ಹಾಕಿ. ಮಗ್ಗುಲ ಪಾಕೀಟುಗಳನ್ನು ಬಿಡಿಬಿಡಿಯಾಗಿ ಇಡಿ. ಮಣ್ಣು ಒಣಗುವ ತನಕ ನೀರು ನಿಲ್ಲಿಸಿ. ಅದೇ ಮಣ್ಣಿಗೆ ಮತ್ತೆ ಬೀಜ ಹಾಕಬೇಡಿ. ಪಪ್ಪಾಯಿ ಸಸಿಗೆ ಈ ಕಾಟ ಇನ್ನೂ ಹೆಚ್ಚು.

ಎಲೆಯೆಲ್ಲ ಉದುರಿ ಬರೀ ಕಡ್ಡಿ ನಿಂತಿದ್ದರೆ ಮಾತು ಬೇರೆ. ಅತ್ತೆ "ಒಣಗಿ ಹೋತು, ಬೀಸಾಕು" ಅನ್ನಬಹುದು. ಬೀಸಾಡುವ ಮೊದಲು ಉಗುರಿನಿಂದ ಕಾಂಡದ ಸಿಪ್ಪೆ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ. ಒಣಗಿದ ತುದಿ ಕತ್ತರಿಸಿ, ನೆರಳಲ್ಲಿಟ್ಟು, ನೀರು ಕಡಿಮೆ ಹಾಕಿ ಎರಡು ವಾರ ಕಾಯಿರಿ. ನುಗ್ಗೆ ಸಸಿಗೆ ಬುಡದಲ್ಲಿ ಮೂಲಂಗಿಯ ಹಾಗೆ ದಪ್ಪ ಬೇರು ಇರುತ್ತದೆ. ಅದರಲ್ಲಿ ನೀರು, ಆಹಾರ ಕೂಡಿಟ್ಟಿರುತ್ತದೆ. ಬೇರು ಗಟ್ಟಿ ಇದ್ದರೆ ಬುಡದಿಂದ ಹೊಸ ಚಿಗುರು ಬರುತ್ತದೆ. ಕಾಂಡ ಮೆತ್ತಗಾಗಿ ಕೊಳೆತ ವಾಸನೆ ಬಂದರೆ ಮಾತ್ರ ಆಸೆ ಬಿಡಿ.

ಹುಣಸೆ ಸಸಿ ಬೆಳೆಸಿದವರಿಗೆ ಒಂದು ಮಾತು. ಸಂಜೆಯಾದರೆ ಅದರ ಎಲೆ ಮಡಚಿಕೊಳ್ಳುತ್ತವೆ. ಅದು ರೋಗ ಅಲ್ಲ. ಬೆಳಗಾದರೆ ಬಿಚ್ಚಿಕೊಳ್ಳುತ್ತವೆ.

ಇದೇ ಹುಣಸೆಯನ್ನು, ಆಲವನ್ನು ಚಿಕ್ಕ ಕುಂಡದಲ್ಲೇ ಮೊಳದುದ್ದ ಇಟ್ಟು ಬೆಳೆಸುವವರು ಪಟ್ಟಣದಲ್ಲಿ ಇದ್ದಾರೆ. ಅದಕ್ಕೆ ಬೋನ್ಸಾಯ್ ಅನ್ನುತ್ತಾರೆ. ಜಪಾನ್ ದೇಶದ ಮಾತು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಇಂಥ ಗಿಡಗಳ ತೋಟವೇ ಇದೆ. ಗಿಡವನ್ನು ಕುಳ್ಳ ಮಾಡುವ ಅವರೂ ಎಳೆ ಸಸಿಯನ್ನು ಮೊದಲು ಬಿಸಿಲು ಗಾಳಿಯಲ್ಲಿ ಬೆಳೆಯಲು ಬಿಡುತ್ತಾರೆ. ಸೊರಗಿದ ಸಸಿಗೆ ಕತ್ತರಿ ಹಾಕುವುದಿಲ್ಲ.

ಒಂದು ಸಸಿಗೆ ಇಷ್ಟು ಕಷ್ಟ ಯಾಕೆ?

ನಮ್ಮ ದೇಶದಲ್ಲಿ 2019ರಿಂದ 2021ರ ತನಕ ಮನೆ ಮನೆಯ ಆರೋಗ್ಯ ಸಮೀಕ್ಷೆ ನಡೆಯಿತು. 15ರಿಂದ 49 ವರ್ಷದ 100 ಹೆಂಗಸರಲ್ಲಿ 57 ಮಂದಿಗೆ ರಕ್ತ ಕಡಿಮೆ ಇತ್ತು. ಕಣ್ಣಿಗೆ ಕತ್ತಲೆ ಬರುವುದು, ಕಳೆ ಕೀಳುವಾಗ ದಮ್ಮು ಹತ್ತುವುದು, ಹೆರಿಗೆಯಲ್ಲಿ ಜೀವಕ್ಕೇ ಅಪಾಯ ಆಗುವುದು, ಇವೆಲ್ಲ ರಕ್ತ ಕಡಿಮೆ ಆದಾಗ ಬರುವ ತೊಂದರೆ. ನುಗ್ಗೆ ಸೊಪ್ಪಿನಲ್ಲಿ ಕಬ್ಬಿಣದ ಅಂಶ ಇದೆ. ಸುಣ್ಣದ ಅಂಶ ಇದೆ. ಕಣ್ಣಿಗೆ ಬೇಕಾದ ಎ ಜೀವಸತ್ವ ಇದೆ. ತೊಗರಿ ಬೇಳೆಗೆ ಒಂದು ಹಿಡಿ ಸೊಪ್ಪು ಹಾಕಿ, ಉಣ್ಣುವಾಗ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಗುಳಿಗೆ ಬಿಡಬೇಡಿ. ಗುಳಿಗೆಯೂ ಬೇಕು, ಸೊಪ್ಪೂ ಬೇಕು. ನಾವು ಹೇಳುತ್ತಿರುವುದು ಸೊಪ್ಪಿನ ಮಾತು. ನುಗ್ಗೆಯ ಬೇರು, ತೊಗಟೆ ತಿನ್ನಬಾರದು.

ಹಿತ್ತಲಲ್ಲಿ ಒಂದು ಗಿಡ ಇದ್ದರೆ ಸೊಪ್ಪಿಗಾಗಿ ಯಾರ ಮುಂದೆಯೂ ಕೈ ಚಾಚಬೇಕಿಲ್ಲ. ಸಂತೆಗೆ ಹೋಗಬೇಕಿಲ್ಲ.

ಸಸಿ ಸಾಕುವುದು ಹೆಣ್ಣುಮಕ್ಕಳಿಗೆ ಒಲಿದ ವಿದ್ಯೆ. ಉತ್ತರ ಕನ್ನಡ ಜಿಲ್ಲೆ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರ ಹೆಸರು ಕೇಳಿದ್ದೀರಾ? ಹಾಲಕ್ಕಿ ಸಮಾಜದವರು. ಶಾಲೆಯ ಮುಖ ಕಂಡವರಲ್ಲ. ಅರಣ್ಯ ಇಲಾಖೆಯ ಸಸಿ ತೋಟದಲ್ಲಿ ಹತ್ತಾರು ವರ್ಷ ದುಡಿದರು. ಯಾವ ಮರದ ಬೀಜ ಯಾವಾಗ ಆರಿಸಬೇಕು, ಹೇಗೆ ಮೊಳೆಸಬೇಕು ಎಂಬುದು ಅವರಿಗೆ ಬಾಯಿಪಾಠ. 2021ರಲ್ಲಿ ದಿಲ್ಲಿಗೆ ಬರಿಗಾಲಲ್ಲೇ ಹೋಗಿ ರಾಷ್ಟ್ರಪತಿಗಳ ಕೈಯಿಂದ ಪದ್ಮಶ್ರೀ ಪಡೆದರು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರ ಸೀಮೆಯಲ್ಲಿ ಮಳೆ ಬಹಳ. ನಮ್ಮದು ಒಣ ಸೀಮೆ. ಆದ್ದರಿಂದ ನಮ್ಮ ಲೆಕ್ಕ ನಾವೇ ಇಡಬೇಕು.

ಚೀಟಿಯ ಮೇಲೆ ಬರೆಯಿರಿ

ನೀವು ಈಗ ಓದು ಬರಹ ಕಲಿತಿದ್ದೀರಿ. ಒಂದು ಚೀಟಿ ತೆಗೆದುಕೊಳ್ಳಿ. ಬೀಜ ಹಾಕಿದ ತಾರೀಖು, ಮೊಳಕೆ ಬಂದ ತಾರೀಖು, ನೀರು ಹಾಕಿದ ತಾರೀಖು ಬರೆಯಿರಿ. ಸಸಿ ಸೊರಗಿದರೆ ಚೀಟಿ ನೋಡಿ. ಎಲ್ಲಿ ಹೆಚ್ಚು ಕಡಿಮೆ ಆಯಿತು ಎಂಬುದು ಅದರಲ್ಲೇ ಸಿಗುತ್ತದೆ.

ಒಂದು ಲೆಕ್ಕವನ್ನೂ ಮಾಡೋಣ. ಮಿರ್ಗ ಮಳೆ ಕೂಡುವುದು ಜೂನ್ 8ರ ಸುಮಾರಿಗೆ. ಸಸಿ ನೆಡಲು ಅದೇ ಒಳ್ಳೆಯ ಹೊತ್ತು. ಏಪ್ರಿಲ್ 20ಕ್ಕೆ ಬೀಜ ಹಾಕಿದರೆ ಎಷ್ಟು ದಿನ ಆಗುತ್ತದೆ? ಏಪ್ರಿಲ್‌ನಲ್ಲಿ 10, ಮೇ ತಿಂಗಳಲ್ಲಿ 31, ಜೂನ್‌ನಲ್ಲಿ 8. ಒಟ್ಟು 49 ದಿನ. ಅಷ್ಟರಲ್ಲಿ ಸಸಿ ಒಂದು ಅಡಿ ಆಗಿರುತ್ತದೆ. ಅದಕ್ಕಿಂತ ಬಹಳ ದಿನ ಪಾಕೀಟಿನಲ್ಲಿ ಇಡಬೇಡಿ. ಬೇರು ತಳ ಮುಟ್ಟಿ ಸುತ್ತಿಕೊಳ್ಳುತ್ತದೆ. ಅರ್ಧ ಲೀಟರಿನ ಹಾಲಿನ ಪಾಕೀಟಿಗಿಂತ ಒಂದು ಲೀಟರಿನ ಎಣ್ಣೆ ಪಾಕೀಟು ಚೊಲೋ. ಸೋಪು ಹಚ್ಚಿ ತೊಳೆದು ಬಳಸಿ.

ಒಂದೂವರೆ ಅಡಿ ಆಳದ ಗುಂಡಿ ತೋಡಿ. ನೀರು ನಿಲ್ಲುವ ತಗ್ಗು ಬೇಡ. ಬಚ್ಚಲ ನೀರು ಹರಿಯುವ ಮೋರಿಯ ಬಾಯಿಗೆ ನೆಡುವುದು ನಮ್ಮ ರೂಢಿ. ನುಗ್ಗೆಗೆ ಅದು ಆಗುವುದಿಲ್ಲ, ನಾಲ್ಕು ಹೆಜ್ಜೆ ದೂರ ಇರಲಿ. ಸಂಜೆ ಹೊತ್ತು ನೆಡಿ. ಪಾಕೀಟನ್ನು ಬ್ಲೇಡಿನಿಂದ ಕೊಯ್ದು, ಮಣ್ಣಿನ ಹೆಂಟೆ ಒಡೆಯದ ಹಾಗೆ ಇಳಿಸಿ. ಸಸಿಯನ್ನು ಹಿಡಿದು ಎಳೆಯಬೇಡಿ. ಸುತ್ತಲೂ ಜಾಲಿ ಮುಳ್ಳು ಹಚ್ಚಿ. ಆಡಿಗೆ ನುಗ್ಗೆ ಎಂದರೆ ಹಬ್ಬದ ಊಟ.

ಮಳೆಗಾಲದಲ್ಲಿ ಕಾಂಡದ ಮೇಲೆ ಕಂಬಳಿ ಹುಳ ಗುಂಪು ಕೂಡಬಹುದು. ಕೈಯಿಂದ ಮುಟ್ಟಬೇಡಿ, ಮೈಯೆಲ್ಲ ತುರಿಕೆ ಬರುತ್ತದೆ. ಕೋಲಿಗೆ ಬಟ್ಟೆ ಸುತ್ತಿ ಒರೆಸಿ, ಸೋಪಿನ ನೀರಿನ ಡಬ್ಬಿಗೆ ಕೆಡವಿ.

ಗಿಡ ಎರಡೂವರೆ ಅಡಿ ಆದಾಗ ತುದಿಯ ಕುಡಿ ಚಿವುಟಿ. ಚಿವುಟದೆ ಬಿಟ್ಟರೆ ಮಾಳಿಗೆ ಎತ್ತರಕ್ಕೆ ಹೋಗುತ್ತದೆ, ಸೊಪ್ಪು ಕೈಗೆ ಸಿಗುವುದಿಲ್ಲ. ಚಿವುಟಿದರೆ ಮಗ್ಗುಲಿಗೆ ಟೊಂಗೆ ಒಡೆಯುತ್ತದೆ. ಚಿವುಟಿದ ಕುಡಿಯನ್ನು ಬೀಸಾಡಬೇಡಿ. ತೊಳೆದು ಆ ಸಂಜೆಯ ಬ್ಯಾಳಿಗೆ ಹಾಕಿ.