ಪರಿಗ್ರಹ ಪರಿಮಾಣವೂ ಯಂತ್ರಚಾಲಿತ ಗೃಹವೂ

ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ತಾಲೂಕುಗಳಲ್ಲಿ ಹೊಸ ಮನೆ ಕಟ್ಟಿಸುವ ಶ್ರಾವಕರ ಮುಂದೆ ಈಗ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ. ದೀಪ, ಪಂಖ, ಪರದೆ, ಬಾಗಿಲುಗಳನ್ನೆಲ್ಲ ಮೊಬೈಲಿನಿಂದ ನಡೆಸುವ ಏರ್ಪಾಡು, ಗೋಡೆಯಗಲದ ಟಿ.ವಿ., ಸುತ್ತಲೂ ಸ್ಪೀಕರುಗಳಿರುವ ಸಿನಿಮಾ ಕೋಣೆ ಇವಕ್ಕೆ ಲಕ್ಷಗಟ್ಟಲೆ ಹಣ ಹಾಕುವುದು ಯುಕ್ತವೇ? ಪರಿಗ್ರಹ ಪರಿಮಾಣ ವ್ರತ ಹಿಡಿದ ಹಿರಿಯರಿರುವ ಮನೆಯಲ್ಲಿ ಇದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು?

ವಸ್ತುವಿನಲ್ಲಿಯ ಮೂರ್ಛೆಯೇ ಪರಿಗ್ರಹವೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಇದನ್ನೇ ಆಧಾರ ಮಾಡಿಕೊಂಡು, ‘ನನಗೆ ಮೂರ್ಛೆಯಿಲ್ಲ, ವಸ್ತು ಇದ್ದರೇನು?’ ಎನ್ನುವ ಜಾಣರೂ ಉಂಟು. ಆದರೆ ಹೊಲ-ಮನೆ, ಬೆಳ್ಳಿ-ಬಂಗಾರ, ಧನ-ಧಾನ್ಯ, ದಾಸೀ-ದಾಸ, ಕುಪ್ಯ ಇವುಗಳ ಪ್ರಮಾಣ ಮೀರುವುದು ಅತಿಚಾರವೆಂದು ಅದೇ ಅಧ್ಯಾಯ ಎಣಿಸುತ್ತದೆ. ಯಂತ್ರಸಾಮಗ್ರಿಯನ್ನು ಕುಪ್ಯದಲ್ಲಿ ಸೇರಿಸುವುದು ಸರಿಯೆಂದು ನನ್ನ ಅಭಿಪ್ರಾಯ. ಕರೆದರೆ ಓಗೊಟ್ಟು ದೀಪ ಹಚ್ಚುವ ಯಂತ್ರವನ್ನು ದಾಸವರ್ಗದಲ್ಲಿ ಸೇರಿಸಿದರೂ ತಪ್ಪಾಗಲಾರದು!

ತಂದೆಯ ಪ್ರಮಾಣ ಮೀರುತ್ತದೆಂದು ತಂದೆಯ ಹಣದಿಂದಲೇ ಕೊಂಡು, ಮಗನ ಹೆಸರಿನಲ್ಲಿ ಬಿಲ್ಲು ಮಾಡಿಸುವುದು ವ್ರತದ ಅಕ್ಷರವನ್ನು ಉಳಿಸಿ ಅರ್ಥವನ್ನು ಕೆಡಿಸಿದಂತೆ. ಮಗನು ಸ್ವಂತ ಗಳಿಕೆಯಿಂದ ಹಾಕಿಸಿದರೆ ಮಾತು ಬೇರೆ. ಆಗಲೂ ತಂದೆಯು ಅದರ ಬಳಕೆಯನ್ನು ತನ್ನ ಭೋಗೋಪಭೋಗ ಪರಿಮಾಣದಲ್ಲಿ ಎಣಿಸಬೇಕು.

ಇನ್ನು ಲೌಕಿಕ ಲೆಕ್ಕ. ಇಂಥ ಉಪಕರಣಗಳು ಕೆಲಸವಿಲ್ಲದಾಗಲೂ ಅಪ್ಪಣೆಗಾಗಿ ಕಾಯುತ್ತ ವಿದ್ಯುತ್ತನ್ನು ಎಳೆಯುತ್ತಿರುತ್ತವೆ. ಎಲ್ಲ ಕೂಡಿ ಹಗಲಿರುಳು 10 ವ್ಯಾಟ್ ಎಳೆದರೂ ವರ್ಷಕ್ಕೆ ಸುಮಾರು 88 ಯೂನಿಟ್ ಆಯಿತು. ಕರೆಂಟು ಹೋದಾಗ ನಡೆಯಬೇಕೆಂದರೆ ಇನ್ವರ್ಟರ್ ಬೇಕು, ಅದಕ್ಕೆ ಬ್ಯಾಟರಿ ಬೇಕು. ಒಂದು ವಸ್ತು ಮತ್ತೊಂದನ್ನು ಕರೆತರುತ್ತದೆ. ಅಷ್ಟಾಗಿಯೂ ಅದು ಪೂರ್ತಿ ನಮ್ಮದಲ್ಲ. ಅಮೆರಿಕೆಯಲ್ಲಿ ಸುಮಾರು 300 ಡಾಲರಿಗೆ ಮಾರಾಟವಾಗಿದ್ದ ‘ರಿವಾಲ್ವ್’ ಎಂಬ ಗೃಹನಿಯಂತ್ರಣ ಯಂತ್ರವು, ಅದನ್ನು ನಡೆಸುತ್ತಿದ್ದ ಸಂಸ್ಥೆಯು ಸೇವೆಯನ್ನು ನಿಲ್ಲಿಸಿದ್ದರಿಂದ, 2016ರಲ್ಲಿ ಕೊಂಡವರ ಮನೆಯಲ್ಲಿಯೇ ನಿರುಪಯೋಗಿಯಾಯಿತು. ಯಂತ್ರ ಕೆಟ್ಟಿರಲಿಲ್ಲ. ಗೋಡೆಯ ಮೇಲಿನ ಸಾದಾ ಸ್ವಿಚ್ಚಿಗೆ ಈ ಪರಾಧೀನತೆಯಿಲ್ಲ.

ಸಿನಿಮಾ ಕೋಣೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಐದು ಅನರ್ಥದಂಡಗಳಲ್ಲಿ ದುಃಶ್ರುತಿಯೂ ಒಂದು. ಅಲ್ಲಿ ಪ್ರವಚನವನ್ನೂ ಕೇಳಬಹುದಲ್ಲ ಎನ್ನುವಿರೇನೋ. ಅದಕ್ಕೆ ಒಂದೇ ಸ್ಪೀಕರು ಸಾಕು.

ಎಲ್ಲವೂ ತ್ಯಾಜ್ಯವೆಂದು ನಾನು ಹೇಳುವವನಲ್ಲ. ಮೊಣಕಾಲು ನೋವಿನ ಅಜ್ಜಿ ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ, ನಡೆದಾಗ ತಾನೇ ಹತ್ತಿ ಸ್ವಲ್ಪ ಹೊತ್ತಿಗೆ ಆರುವ ದೀಪವೊಂದನ್ನು ಹಾಕಿಸಿ. ಕೆಲವು ನೂರು ರೂಪಾಯಿಗಳಲ್ಲಿ ದೊರೆಯುವ ವಸ್ತು ಅದು. ಅಜ್ಜಿ ಬೀಳುವುದು ತಪ್ಪುತ್ತದೆ, ನೆಲದ ಮೇಲಿನ ಇರುವೆ ಕಣ್ಣಿಗೆ ಬೀಳುತ್ತದೆ. ಮಳೆಗಾಲದಲ್ಲಿ ರಾತ್ರಿಯಿಡೀ ಉರಿಯುವ ದೀಪಕ್ಕೆ ರೆಕ್ಕೆಯ ಹುಳುಗಳು ಮುತ್ತಿ ಬೆಳಗಾಗುವಷ್ಟರಲ್ಲಿ ರಾಶಿಯಾಗಿ ಬೀಳುವುದನ್ನು ನೀವೆಲ್ಲ ನೋಡಿದ್ದೀರಿ. ಆ ಹಿಂಸೆಯೂ ಬಹಳಷ್ಟು ಕಡಿಮೆಯಾಗುತ್ತದೆ.

ಉಳಿದವುಗಳ ಬಗ್ಗೆ ಮನೆಯವರೆಲ್ಲ ಕುಳಿತು, ಅಂಗಡಿಗೆ ಹೋಗುವ ಮೊದಲೇ ಸಂಖ್ಯೆಯನ್ನೂ ಮೊತ್ತವನ್ನೂ ಬರೆದಿಡಬೇಕು. ಅಂಗಡಿಯಲ್ಲಿ ನಿಂತು ಮಾಡಿದ ಪ್ರಮಾಣ ನಿಲ್ಲುವುದಿಲ್ಲ. ಜೀವನಪರ್ಯಂತದ ಯಮಕ್ಕೆ ಧೈರ್ಯ ಸಾಲದಿದ್ದರೆ ಕಾಲಮಿತಿಯ ನಿಯಮವನ್ನು ತೆಗೆದುಕೊಳ್ಳಬಹುದು. ದಶಲಕ್ಷಣ ಪರ್ವದ ಮೊದಲ ದಿನವಾದ ಭಾದ್ರಪದ ಶುಕ್ಲ ಪಂಚಮಿಯಿಂದ ಮುಂದಿನ ವರ್ಷದ ಅದೇ ತಿಥಿಯವರೆಗೆ ಎಂದು ಬರೆದರೆ ನೆನಪಿಡಲು ಸುಲಭ.