ಮೀನಿನ ತೊಟ್ಟಿಯ ನೀರು ತೊಳೆಯುವ ಗಿಡ

ಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟವರು ಹೀಗೆ ಹೇಳುವುದುಂಟು: “ತೊಟ್ಟಿ, ಕಲ್ಲು ಎಲ್ಲಾ ಥಳಥಳ ತಿಕ್ಕಿ ತೊಳದು ಹೊಸ ನೀರು ಹಾಕಿದ್ವಿ. ನಾಕು ದಿನಕ್ಕ ಮೀನು ಸತ್ತು ಹೋದ್ವು!” ನೀರು ತಿಳಿಯಾಗಿಯೇ ಇತ್ತು. ಮತ್ತ್ಯಾಕ ಸತ್ತವು? ಬರ್ರಿ, ತಿಳಿಯೋಣ.

ಕಾಣದ ವಿಷ, ಕಾಣದ ಸಹಾಯಕರು

ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಗೆ ಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ಆದರೆ ಮೀನಿಗೆ ವಿಷ.

ತೊಟ್ಟಿಯ ಕಲ್ಲುಗಳಿಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳಲ್ಲಿ ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಇದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟಿನಿಂದ ಮೀನಿಗೆ ಅಪಾಯ ಕಡಿಮೆ. ಗಿಡಕ್ಕಂತೂ ಅದು ಊಟ! ಕಲ್ಲು ತಿಕ್ಕಿ ತೊಳೆದರೆ ಈ ಸಹಾಯಕರೇ ಹೋಗಿಬಿಡುತ್ತಾರೆ. ಅವು ಮತ್ತೆ ಬೆಳೆಯಲು 4ರಿಂದ 6 ವಾರ ಬೇಕಾಗುತ್ತದೆ.

1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬ ವಿಜ್ಞಾನಿಗಳು ಚರಂಡಿ ನೀರನ್ನು ಮರಳಿನ ಮೂಲಕ ನಿಧಾನವಾಗಿ ಇಳಿಸಿದರು. ಕೆಲವು ದಿನಗಳಲ್ಲಿ ಅಮೋನಿಯಾ ಹೋಗಿ ನೈಟ್ರೇಟ್ ಬಂತು. ಕ್ಲೋರೋಫಾರಂ ಹಾಕಿದಾಗ ಕೆಲಸ ನಿಂತಿತು. ಇದು ಜೀವಿಗಳ ಕೆಲಸವೆಂದು ಹೀಗೆ ತಿಳಿಯಿತು.

ನಮ್ಮ ಸಿಂಧನೂರ ಕಡೆ ಗದ್ದೆಗೆ ಚೆಲ್ಲುವ ಯೂರಿಯಾ ಕೂಡ ಮಣ್ಣಿನಲ್ಲಿ ಅಮೋನಿಯಾ ರೂಪಕ್ಕೆ ಬಂದು ನೆಲ್ಲಿನ ಬೇರಿಗೆ ಸೇರುತ್ತದೆ. ಅಂದರೆ ಮೀನಿನ ಹೊಲಸೇ ಗಿಡದ ಗೊಬ್ಬರ. ಮೀನು, ಗಿಡ ಎರಡನ್ನೂ ಒಂದೇ ನೀರಿನಲ್ಲಿ ಬೆಳೆಸುವುದಕ್ಕೆ ಅಕ್ವಾಪೋನಿಕ್ಸ್ ಎನ್ನುತ್ತಾರೆ.

ಬೇಕಾಗುವ ಸಾಮಾನು

20 ಲೀಟರ್ ನೀರಿನ ತೊಟ್ಟಿ, 4 ಗಪ್ಪಿ ಮೀನು, ತಳಕ್ಕೆ ಸಣ್ಣ ತೂತುಗಳಿರುವ ಪ್ಲಾಸ್ಟಿಕ್ ಡಬ್ಬಿ, ತೊಳೆದ ಗರಸು ಅಥವಾ ಹಂಚಿನ ಚೂರು, ಪುದೀನಾ ಇಲ್ಲವೆ ಮನಿ ಪ್ಲಾಂಟ್ ಕಡ್ಡಿ.

ಮಾಡುವ ವಿಧಾನ

1. ಡಬ್ಬಿಗೆ ಗರಸು ತುಂಬಿ ಕಡ್ಡಿ ನೆಡಿರಿ. ಮಣ್ಣು ಹಾಕಬಾರದು.
2. ಡಬ್ಬಿಯನ್ನು ತೊಟ್ಟಿಯ ಮೇಲೆ ಭದ್ರವಾಗಿ ಕೂಡಿಸಿರಿ. ಬೆಳಕು ಬೀಳಬೇಕು, ಉರಿಬಿಸಿಲು ಬೇಡ.
3. ದಿನಾ ನಾಲ್ಕೈದು ಸಲ ತೊಟ್ಟಿಯ ನೀರನ್ನೇ ಚೊಂಬಿನಿಂದ ಡಬ್ಬಿಗೆ ಹಾಕಿರಿ. ಅದು ಸೋಸಿ ಹನಿಹನಿಯಾಗಿ ತೊಟ್ಟಿಗೇ ಬೀಳ್ತೈತಿ. ಕರೆಂಟ್ ಹೋದ್ರೂ ಚಿಂತಿಲ್ಲ!
4. ಮೀನು ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿರಿ. ಹಳದಿ ಎಲೆಗಳನ್ನು ಕಿತ್ತು ತೆಗೆಯಿರಿ. ಕೊಳೆತರೆ ಮತ್ತೆ ಅಮೋನಿಯಾ.
5. ವಾರಕ್ಕೊಮ್ಮೆ 5 ಲೀಟರ್ ನೀರು ಮಾತ್ರ ಬದಲಿಸಿರಿ. ಬ್ಲೀಚಿಂಗ್ ಪುಡಿ ಹಾಕಿದ ನಳದ ನೀರಾದರೆ ಬಾಯಗಲದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಹಾಕಿರಿ.

ತೆಗೆದ ನೀರನ್ನು ಚೆಲ್ಲದೆ ಬದನೆ, ಮೆಣಸಿನಕಾಯಿ ಗಿಡಕ್ಕೆ ಹಾಕಿರಿ. ಬೇಸಿಗೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ಬಂದಾದಾಗ ಒಂದು ಕೊಡ ನೀರಿನ ಬೆಲೆ ನಮಗೆಲ್ಲ ಗೊತ್ತು. ಲಿಂಗಸುಗೂರು, ಮಸ್ಕಿ ಕಡೆ ಬೋರಿನ ಮುಂದೆ ಕೊಡ ಹಿಡಿದು ನಿಂತವರಿಗೆ ಹೇಳಬೇಕಾಗಿಲ್ಲ.

ಎಚ್ಚರಿಕೆ: ಗಿಡ ತೊಳೆದ ನೀರು ಮೀನಿಗೆ ಸರಿ, ನಮಗೆ ಕುಡಿಯಲು ಅಲ್ಲ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ತಿಳಿಯಾಗಿ ಕಂಡ ನೀರೆಲ್ಲ ಶುದ್ಧ ನೀರಲ್ಲ.

ಉತ್ತರಿಸಿರಿ

1. ತೊಟ್ಟಿಯ ಕಲ್ಲನ್ನು ತಿಕ್ಕಿ ತೊಳೆದರೆ ಏನಾಗುತ್ತದೆ?
2. ಅಮೋನಿಯಾ ಗಿಡದ ಊಟವಾಗುವ ಮೊದಲು ಏನೇನಾಗಿ ಬದಲಾಗುತ್ತದೆ?
3. ನಿಮ್ಮ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಅಲ್ಲಿ ಯಾವ ಗಿಡ ಬೆಳೆದಿದೆ? ನೋಡಿಕೊಂಡು ಬಂದು ಬರೆಯಿರಿ.