ಶುಶ್ರೂಷೆಯ ಕೈಗಳು

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹಳ್ಳಿಗಳಲ್ಲಿ ಮನೆಗೆ ಬಂದವರಿಗೆ ಮೊದಲು ಒಂದು ತಂಬಿಗೆ ನೀರು ಕೊಟ್ಟು ಕೈಕಾಲು ತೊಳೆಯಹೇಳುವ ವಾಡಿಕೆಯುಂಟು. ಹಾದಿಯ ಧೂಳು ಅದರಿಂದ ಹೋಗುತ್ತದೆ. ಆದರೆ ರೋಗಾಣುಗಳು ಬರಿಯ ನೀರಿಗೆ ಅಷ್ಟು ಸುಲಭವಾಗಿ ಬಿಟ್ಟುಹೋಗುವವಲ್ಲ. ಹಾಸಿಗೆ ಹಿಡಿದ ವೃದ್ಧರ ಶುಶ್ರೂಷೆ ನಡೆಯುವ ಸ್ಥಳ ಮನೆಯಾಗಲಿ, ನರ್ಸಿಂಗ್ ಹೋಮ್ ಆಗಲಿ, ತಾಲ್ಲೂಕು ಆಸ್ಪತ್ರೆಯಾಗಲಿ, ಅಲ್ಲಿ ಕೈಯ ಶುದ್ಧಿ ಪ್ರಾಣದ ಪ್ರಶ್ನೆಯೇ ಆಗುತ್ತದೆ.

ಈ ಮಾತನ್ನು ಅಂಕಿಗಳಿಂದ ತೋರಿಸಿದವನು ಹಂಗೇರಿಯ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್. ಆಗ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ಸೂಲಗಿತ್ತಿಯರು, ಇನ್ನೊಂದರಲ್ಲಿ ವೈದ್ಯವಿದ್ಯಾರ್ಥಿಗಳು ತರಬೇತಿ ಪಡೆಯುತ್ತಿದ್ದರು. ವಿದ್ಯಾರ್ಥಿಗಳ ವಿಭಾಗದಲ್ಲಿ ಬಾಣಂತಿಜ್ವರದಿಂದ ಸಾಯುವವರೇ ಹೆಚ್ಚು. ತಮ್ಮನ್ನು ಅಲ್ಲಿಗೆ ಸೇರಿಸಬೇಡಿರೆಂದು ಗರ್ಭಿಣಿಯರು ಅಂಗಲಾಚುತ್ತಿದ್ದರು. 1847ರ ಮಾರ್ಚ್ ತಿಂಗಳಲ್ಲಿ, ಶವಪರೀಕ್ಷೆಯ ಚಾಕು ತಗುಲಿದ ಕೊಲ್ಲೆಚ್ಕಾ ಎಂಬ ಸಹೋದ್ಯೋಗಿ ಅದೇ ಬಗೆಯ ಲಕ್ಷಣಗಳಿಂದ ತೀರಿಕೊಂಡನು. ಶವಾಗಾರದಿಂದ ಬಂದ ಕೈಗಳೇ ಮೃತ್ಯುವನ್ನು ಹೊತ್ತು ತರುತ್ತಿವೆಯೆಂದು ಸೆಮ್ಮೆಲ್‌ವೈಸನಿಗೆ ಹೊಳೆಯಿತು. ಮೇ ತಿಂಗಳಿಂದ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯಗೊಳಿಸಿದನು. ಏಪ್ರಿಲ್‌ನಲ್ಲಿ ನೂರಕ್ಕೆ ಸುಮಾರು 18ರಷ್ಟಿದ್ದ ಸಾವು ಜೂನ್ ವೇಳೆಗೆ 2ರ ಆಸುಪಾಸಿಗೆ ಇಳಿಯಿತು. ಆದರೂ ಹಿರಿಯ ವೈದ್ಯರಲ್ಲಿ ಅನೇಕರು ಒಪ್ಪಲಿಲ್ಲ. ತಮ್ಮ ಕೈಯೇ ಕೊಂದಿತೆಂಬ ಮಾತು ಯಾರಿಗೆ ರುಚಿಸೀತು? 1865ರಲ್ಲಿ ಅವನು ಮಾನಸಿಕ ಚಿಕಿತ್ಸಾಲಯವೊಂದರಲ್ಲಿ ಅಸುನೀಗಿದನು.

ಇಂದು ವೃದ್ಧರನ್ನು ನೋಡಿಕೊಳ್ಳುವವರಿಗೂ ಈ ಪಾಠ ಅನ್ವಯಿಸುತ್ತದೆ. ಮುಪ್ಪಿನಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ. ಬೆನ್ನಿನ ಹುಣ್ಣು, ಮೂತ್ರದ ನಳಿಕೆ ಇವು ರೋಗಾಣುಗಳಿಗೆ ತೆರೆದ ಬಾಗಿಲುಗಳು. ಮಲಪಾತ್ರೆ ಎತ್ತಿದ ಕೈಯಿಂದಲೇ ಗಂಜಿ ಕುಡಿಸಿದರೆ, ಒಬ್ಬರ ಹುಣ್ಣಿಗೆ ಪಟ್ಟಿ ಕಟ್ಟಿ ಹಾಗೆಯೇ ಪಕ್ಕದ ಹಾಸಿಗೆಯವರನ್ನು ಮುಟ್ಟಿದರೆ, ಸೇವೆಯೇ ಸೋಂಕಾಗಿ ಪರಿಣಮಿಸುತ್ತದೆ. ಕೈಗವಸು ತೊಟ್ಟವರು ತಮಗೆ ಇದರ ಗೊಡವೆಯಿಲ್ಲವೆಂದು ಭಾವಿಸುವುದುಂಟು. ಅದು ಭ್ರಮೆ. ಕೈಗವಸನ್ನು ರೋಗಿಯಿಂದ ರೋಗಿಗೆ ಬದಲಿಸಬೇಕು, ಕಳಚಿದ ಮೇಲೆ ಕೈ ತೊಳೆಯಲೇಬೇಕು.

ತೊಳೆಯುವ ಕ್ರಮಕ್ಕೆ ಸಾಬೂನು ಹಾಗೂ 40ರಿಂದ 60 ಸೆಕೆಂಡುಗಳು ಸಾಕು. ಉಂಗುರ ತೆಗೆದು, ಬಳೆಗಳನ್ನು ಮೇಲಕ್ಕೆ ಸರಿಸಿ, ಬೆರಳ ಸಂದು, ಹೆಬ್ಬೆರಳು, ಉಗುರಿನ ತುದಿಗಳನ್ನು ಉಜ್ಜಬೇಕು. ಕೈಗೆ ಕೊಳೆ ಕಾಣದಿದ್ದರೆ ಮದ್ಯಸಾರದ ದ್ರಾವಣವೂ ನಡೆಯುತ್ತದೆ. ರೋಗಿಗೆ ಭೇದಿಯಿದ್ದರೆ ಮಾತ್ರ ಸಾಬೂನು, ನೀರೇ ಬೇಕು. ಬೇಸಿಗೆಯಲ್ಲಿ ನೀರಿಗೆ ಬರವೆಂದು ಎಲ್ಲರೂ ಒಂದೇ ಬಕೆಟ್ಟಿನಲ್ಲಿ ಕೈ ಅದ್ದುವುದು ತರವಲ್ಲ. ಒಬ್ಬರು ತಂಬಿಗೆಯಿಂದ ಸಣ್ಣ ಧಾರೆಯಾಗಿ ಸುರಿದರೆ ಸ್ವಲ್ಪ ನೀರಿನಲ್ಲೇ ಕೆಲಸ ಮುಗಿಯುತ್ತದೆ.